ಕಳಶವನ್ನು ಯಾವಾಗ ಏರಿಸಬೇಕು: ಅಮೆರಿಕನ್ ಫುಟ್‌ಬಾಲ್‌ನಲ್ಲಿ ರನ್ನಿಂಗ್ ಬ್ಯಾಕ್‌ನ ಬೆಲೆ

2023ರ ಋತುವಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹೊತ್ತು ಓಡುವ ಆಟಗಾರ, ಸೇಕ್ವಾನ್ ಬಾರ್ಕ್ಲಿ 247 ಬಾರಿ ಚೆಂಡನ್ನು ಹಿಡಿದು ಓಡಿ 962 ಗಜ ಗಳಿಸಿದರು. ಅಂದರೆ ಓಟವೊಂದಕ್ಕೆ ಸರಾಸರಿ 3.9 ಗಜ. ಮರುವರ್ಷ ಅವರು ಫಿಲಡೆಲ್ಫಿಯಾ ಈಗಲ್ಸ್ ಸೇರಿ 345 ಓಟಗಳಲ್ಲಿ 2,005 ಗಜ ಗಳಿಸಿದರು, ಸರಾಸರಿ 5.8ಕ್ಕೆ ಏರಿತು. 2025ರ ಫೆಬ್ರವರಿ 9ರಂದು, ಅವರಿಗೆ 28 ತುಂಬಿದ ದಿನವೇ, ಆ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ 40-22ರಿಂದ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಓಡಿದ ಕಾಲುಗಳು ಅವೇ, ವಯಸ್ಸು ಒಂದು ವರ್ಷ ಹೆಚ್ಚಾಗಿತ್ತು ಅಷ್ಟೆ. ಹಾಗಿದ್ದರೆ ಆ ಎರಡು ಗಜಗಳ ವ್ಯತ್ಯಾಸ ಯಾರದು, ಅದಕ್ಕೆ ತಂಡವೊಂದು ಎಷ್ಟು ಹಣ ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹಲವು ವರ್ಷಗಳಿಂದ ನಡೆದಿರುವ ಜಗಳ.

ಈ ಆಟ ನಮ್ಮ ಕಾಲ್ಚೆಂಡಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರತಿ ತಂಡದಿಂದ ಹನ್ನೊಂದು ಜನ ಕಣದಲ್ಲಿರುತ್ತಾರೆ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ಸಿಗುತ್ತವೆ. ಸಾಗಲು ಇರುವ ದಾರಿಗಳು ಎರಡು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬಹುದು, ಇಲ್ಲವೇ ತನ್ನ ಬಳಿ ನಿಂತಿರುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಕೊಟ್ಟು ಓಡಿಸಬಹುದು. ಓಡುವವನ ಮುಂದೆ ಐವರು ಲೈನ್‌ಮನ್‌ಗಳು ನಿಂತಿರುತ್ತಾರೆ: ನಡುವೆ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಇವರಲ್ಲಿ ಯಾರೂ ಚೆಂಡು ಮುಟ್ಟಿ ಹೆಸರು ಮಾಡಿದವರಲ್ಲ, ಆದರೆ ಈ ಲೇಖನದ ಅರ್ಧ ಉತ್ತರ ಅವರ ಹತ್ತಿರವೇ ಇದೆ.

ಬಹಳ ತಂಡಗಳು ಬಳಸುವ ಒಂದು ಓಟವನ್ನು ನಿಧಾನವಾಗಿ ನೋಡೋಣ. ಚೆಂಡು ಹಿಂದಕ್ಕೆ ಬಂದ ಕ್ಷಣವೇ ಐವರೂ ಒಟ್ಟಾಗಿ ಬಲಕ್ಕೆ ಹೆಜ್ಜೆ ಇಡುತ್ತಾರೆ. ಎದುರಾಳಿಗಳೂ ಅದೇ ದಿಕ್ಕಿಗೆ ಸರಿಯಲೇಬೇಕು. ರನ್ನಿಂಗ್ ಬ್ಯಾಕ್ ಮೊದಲ ಎರಡು ಹೆಜ್ಜೆ ಅವಸರವಿಲ್ಲದೆ ಬಲಕ್ಕೇ ಇಟ್ಟು, ಯಾವ ಎದುರಾಳಿ ಅತಿಯಾಗಿ ಸರಿದುಬಿಟ್ಟ, ಯಾರ ಬೆನ್ನ ಹಿಂದೆ ಸಂದು ತೆರೆಯಿತು ಎಂದು ನೋಡುತ್ತಾನೆ, ಆಮೇಲೆ ಒಂದೇ ಒಂದು ಕಾಲೂರಿ ತಿರುಗಿ ಆ ಸಂದಿಗೆ ನುಗ್ಗುತ್ತಾನೆ. ಸಂದು ಒಂದು ಮಾರು ಅಗಲವಿದ್ದರೆ ಸಾಧಾರಣ ಓಟಗಾರನೂ ನಾಲ್ಕು ಗಜ ತರುತ್ತಾನೆ, ಅಸಾಧಾರಣ ಓಟಗಾರ ನಲವತ್ತು ತರುತ್ತಾನೆ. ಸಂದೇ ತೆರೆಯದಿದ್ದರೆ ಇಬ್ಬರೂ ಒಂದೇ ರಾಶಿಯ ಕೆಳಗೆ ಬೀಳುತ್ತಾರೆ. ಓಟಗಾರನ ಪ್ರತಿಭೆ ಸುಳ್ಳಲ್ಲ. ಆದರೆ ಆ ಪ್ರತಿಭೆ ಕೆಲಸ ಆರಂಭಿಸುವುದು ಬೇರೆಯವರ ಕೆಲಸ ಮುಗಿದ ಮೇಲೆ.

ಇಲ್ಲಿಗೆ ಹಣದ ಮಾತು ಬರುತ್ತದೆ. ಐಪಿಎಲ್ ಹರಾಜು ನೋಡಿದವರಿಗೆ ಪರ್ಸ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. 2025ರ ಋತುವಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಯ ಪರ್ಸ್ ಇತ್ತು, ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ. ಎನ್‌ಎಫ್‌ಎಲ್‌ನ 32 ತಂಡಗಳಿಗೂ ಸ್ಯಾಲರಿ ಕ್ಯಾಪ್ ಎಂಬ ಅಂಥದೇ ಮಿತಿ ಇದೆ, 2024ರಲ್ಲಿ ಅದು 25.54 ಕೋಟಿ ಡಾಲರ್. ಋತುವಿನ ವೇಳೆ ತಂಡದ ಮುಖ್ಯ ಪಟ್ಟಿಯಲ್ಲಿ 53 ಆಟಗಾರರಿರುತ್ತಾರೆ. ಆದ್ದರಿಂದ ರನ್ನಿಂಗ್ ಬ್ಯಾಕ್ ಒಳ್ಳೆಯವನೇ ಎಂದು ಯಾವ ಮ್ಯಾನೇಜರೂ ಕೇಳುವುದಿಲ್ಲ, ಕೇಳಬಾರದು. ಅದೇ ಹಣಕ್ಕೆ ಬೇರೆ ಏನು ಸಿಗುತ್ತಿತ್ತು, ಮತ್ತು ಈ ಆಟಗಾರ ಇಲ್ಲದಿದ್ದರೆ ಅವನ ಜಾಗದಲ್ಲಿ ಅಗ್ಗಕ್ಕೆ ಸಿಗುವವನು ಎಷ್ಟು ಕಡಿಮೆ ಮಾಡುತ್ತಿದ್ದ ಎಂಬುವೇ ಕೇಳಬೇಕಾದ ಪ್ರಶ್ನೆಗಳು.

ಎರಡನೆಯ ಪ್ರಶ್ನೆಗೆ ಡೆನ್ವರ್ ಬ್ರಾಂಕೋಸ್ ತಂಡ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆಯೇ ಉತ್ತರ ಬರೆದಿಟ್ಟಿತ್ತು. ತಂಡಗಳು ಸರದಿಯಂತೆ, ಸುತ್ತು ಸುತ್ತಾಗಿ ಕಾಲೇಜು ಆಟಗಾರರನ್ನು ಆರಿಸುವ ಕ್ರಮಕ್ಕೆ ಡ್ರಾಫ್ಟ್ ಎನ್ನುತ್ತಾರೆ. 1995ರ ಡ್ರಾಫ್ಟ್‌ನ ಆರನೆಯ ಸುತ್ತಿನಲ್ಲಿ, 196ನೆಯವನಾಗಿ ಆಯ್ಕೆಯಾದ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿದರು. ಮರುವರ್ಷ ನಾಲ್ಕನೆಯ ಪಂದ್ಯದಲ್ಲಿ ಅವರ ಮಂಡಿ ಹೋಯಿತು. ತಂಡ ನಾಲ್ಕನೆಯ ಸುತ್ತಿನ ಹೊಸಬ ಒಲಾಂಡಿಸ್ ಗ್ಯಾರಿಯನ್ನು ಇಳಿಸಿತು, ಅವರು 1,159 ಗಜ ತಂದರು. 2000ದಲ್ಲಿ ಆರನೆಯ ಸುತ್ತಿನ ಮೈಕ್ ಆಂಡರ್ಸನ್ 1,487 ಗಜ ತಂದರು. 2002 ಮತ್ತು 2003ರಲ್ಲಿ ಎರಡನೆಯ ಸುತ್ತಿನ ಕ್ಲಿಂಟನ್ ಪೋರ್ಟಿಸ್ ಎರಡು ವರ್ಷವೂ 1,500 ದಾಟಿದರು. ಡೇವಿಸ್ ದೊಡ್ಡ ಆಟಗಾರರೇ, ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಆದರೆ ತರಬೇತುದಾರ ಅಲೆಕ್ಸ್ ಗಿಬ್ಸ್ ತಿದ್ದಿ ತೀಡಿದ ಲೈನ್ ಹಾಗೆಯೇ ಉಳಿದಿದ್ದರಿಂದ ಓಟಗಾರರು ಬದಲಾದರೂ ಓಟ ನಿಲ್ಲಲಿಲ್ಲ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲದ್ದು ಆ ತಂಡವೇ. 2004ರಲ್ಲಿ ಅದು ಬೆಲೆಯ ತುದಿಯಲ್ಲಿದ್ದ ಪೋರ್ಟಿಸ್‌ರನ್ನು ವಾಷಿಂಗ್ಟನ್‌ಗೆ ಕೊಟ್ಟು ಆ ಕಾಲದ ಶ್ರೇಷ್ಠ ರಕ್ಷಕರಲ್ಲೊಬ್ಬರಾದ ಚಾಂಪ್ ಬೇಲಿಯವರನ್ನೂ ಜೊತೆಗೆ ಎರಡನೆಯ ಸುತ್ತಿನ ಒಂದು ಆಯ್ಕೆಯನ್ನೂ ತಂದುಕೊಂಡಿತು, ಮತ್ತು ಅದೇ ವರ್ಷ ರೂಬೆನ್ ಡ್ರೌನ್ಸ್ ಎಂಬ ಇನ್ನೊಬ್ಬರು ಅಲ್ಲಿ 1,240 ಗಜ ಓಡಿದರು. ಈ ಲೀಗ್‌ನಲ್ಲಿ ರನ್ನಿಂಗ್ ಬ್ಯಾಕ್‌ನನ್ನು ಇದಕ್ಕಿಂತ ಜಾಣತನದಿಂದ ಮಾರಿದ ಉದಾಹರಣೆ ನನಗೆ ನೆನಪಿಲ್ಲ.

ಇತ್ತೀಚಿನ ಉದಾಹರಣೆ ಇನ್ನೂ ಕಟುವಾದದ್ದು. 2018ರ ಜುಲೈಯಲ್ಲಿ ಲಾಸ್ ಏಂಜಲೀಸ್ ರಾಮ್ಸ್ ತಂಡ ಟಾಡ್ ಗರ್ಲಿಗೆ ನಾಲ್ಕು ವರ್ಷಕ್ಕೆ 5.75 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು, ಅದರಲ್ಲಿ 4.5 ಕೋಟಿ ಖಾತರಿ ಹಣ. ಡಿಸೆಂಬರ್‌ನಲ್ಲಿ ಗರ್ಲಿಯ ಮಂಡಿ ಕೈಕೊಟ್ಟಾಗ, ಬೇರೆ ತಂಡದವರು ಬೇಡವೆಂದು ಬಿಟ್ಟು ಮನೆಯಲ್ಲಿ ಕೂತಿದ್ದ, ಮೈಯೂ ಒಂದಿಷ್ಟು ಬಂದಿದ್ದ ಸಿ.ಜೆ. ಆಂಡರ್ಸನ್ ಎಂಬ ಓಟಗಾರನನ್ನು ತಂಡ ಕರೆತಂದಿತು. ಮೊದಲ ಪಂದ್ಯದಲ್ಲಿ ಅವರು 167 ಗಜ, ಎರಡನೆಯದರಲ್ಲಿ 132 ಗಜ ಓಡಿದರು. ಮರುತಿಂಗಳು ಡಲ್ಲಾಸ್ ವಿರುದ್ಧದ ಪ್ಲೇಆಫ್ ಪಂದ್ಯಕ್ಕೆ ಗರ್ಲಿಯೂ ಮರಳಿದರು. ಅಂದು ಗರ್ಲಿಯದು 115 ಗಜ, ಆಂಡರ್ಸನ್‌ರದು 123. ಲೀಗ್‌ನಲ್ಲೇ ಅತಿ ಹೆಚ್ಚು ಸಂಬಳದ ಓಟಗಾರ ಮತ್ತು ಆಗ ತಾನೇ ಬೀದಿಯಿಂದ ಬಂದವನು ಒಂದೇ ಲೈನಿನ ಹಿಂದೆ, ಒಂದೇ ಸಂಜೆ, ಒಂದೇ ಎದುರಾಳಿಯ ಮೇಲೆ ಹೆಚ್ಚುಕಡಿಮೆ ಸಮನಾಗಿ ಓಡಿದ ಆ ಪಂದ್ಯವನ್ನು ಪ್ರಯೋಗಾಲಯದಲ್ಲಿ ಏರ್ಪಡಿಸಿದ್ದರೂ ಅಷ್ಟು ಸ್ಪಷ್ಟವಾಗಿರುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಿ ರಾಮ್ಸ್ ಗರ್ಲಿಯನ್ನು ಬಿಟ್ಟುಕೊಟ್ಟಿತು. ಆ ವರ್ಷದ ಋತುವೇ ಅವರ ಕೊನೆಯದು.

ಅದೇ 2020ರ ಜನವರಿಯಲ್ಲಿ, ಬೇ ಏರಿಯಾದ ಅನೇಕ ಕನ್ನಡಿಗರ ಮನೆಗಳಿಗೆ ಹತ್ತಿರವೇ ಇರುವ ಸಾಂಟಾ ಕ್ಲಾರಾದ ಲಿವೈಸ್ ಕ್ರೀಡಾಂಗಣದಲ್ಲಿ, ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ರಹೀಮ್ ಮೋಸ್ಟರ್ಟ್ ಗ್ರೀನ್ ಬೇ ವಿರುದ್ಧ 220 ಗಜ ಓಡಿ ನಾಲ್ಕು ಟಚ್‌ಡೌನ್ ಗಳಿಸಿದರು, ಅಂದರೆ ನಾಲ್ಕು ಬಾರಿ ಚೆಂಡನ್ನು ಎದುರಾಳಿಯ ಅಂತಿಮ ಗೆರೆ ದಾಟಿಸಿದರು. ಅವರ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಚೆಂಡು ಎಸೆದದ್ದು ಎಂಟೇ ಬಾರಿ.

ಇಷ್ಟಾದರೂ ಇದು ಓಟಗಾರರ ನಡುವಿನ ಹೋಲಿಕೆ ಮಾತ್ರ. ಓಟ ಮತ್ತು ಎಸೆತಗಳನ್ನು ಪಕ್ಕಪಕ್ಕ ಇಟ್ಟರೆ ಇನ್ನೊಂದು ಅಂಶ ಕಾಣುತ್ತದೆ: ಎಸೆತವೊಂದು ಸರಾಸರಿ ಸುಮಾರು ಏಳು ಗಜ ತರುತ್ತದೆ, ಓಟ ನಾಲ್ಕಕ್ಕಿಂತ ತುಸು ಹೆಚ್ಚು. ಎಸೆತದಲ್ಲಿ ಚೆಂಡು ಎದುರಾಳಿಯ ಕೈಸೇರುವ ಅಪಾಯವಿದೆ ಎಂಬುದನ್ನು ಕಳೆದು ನೋಡಿದರೂ ಎಸೆತದ ಕಡೆಯೇ ತಕ್ಕಡಿ ತೂಗುತ್ತದೆ. ಅಂತಿಮ ಗೆರೆಗೆ ಒಂದೆರಡು ಗಜ ಉಳಿದಾಗ, ಅಥವಾ ಮುನ್ನಡೆಯಲ್ಲಿರುವ ತಂಡ ಉಳಿದ ಸಮಯವನ್ನು ಕಳೆಯಬೇಕಾದಾಗ, ಲೆಕ್ಕ ಬೇರೆ. ಉಳಿದ ಹೊತ್ತಿನಲ್ಲಿ ಎಸೆಯುವವನು, ಅವನ ಎಸೆತ ಹಿಡಿಯುವವನು, ಎಸೆಯುವವನನ್ನು ಕಾಯುವವನು, ಎದುರಾಳಿಯ ಎಸೆಯುವವನನ್ನು ಅಟ್ಟುವವನು ಈ ನಾಲ್ವರ ಮೇಲೆ ಹಾಕಿದ ಹಣ ಹೆಚ್ಚು ದುಡಿಯುತ್ತದೆ. 2013, 2014 ಮತ್ತು 2024ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ ಕೂಡ ಆಯ್ಕೆಯಾಗದ್ದು ಈ ಲೆಕ್ಕದಿಂದಲೇ.

ವಯಸ್ಸಿನ ವಿಚಾರ ಇದಕ್ಕೆ ಉಪ್ಪು ಸವರಿದಂತೆ. ಹೈಸ್ಕೂಲ್ ಮುಗಿದು ಮೂರು ವರ್ಷವಾಗದೆ ಯಾರೂ ಡ್ರಾಫ್ಟ್‌ಗೆ ಬರುವಂತಿಲ್ಲ, ಹಾಗಾಗಿ ಹುಡುಗ ಲೀಗ್‌ಗೆ ಕಾಲಿಡುವಾಗ 21 ಅಥವಾ 22ರ ವಯಸ್ಸು. ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೂರು ಋತು ಕಳೆಯುವವರೆಗೆ ಅದನ್ನು ಬದಲಿಸುವ ಮಾತೇ ಇಲ್ಲ. ಮೊದಲ ಸುತ್ತಿನವನಾದರೆ ಐದನೆಯ ವರ್ಷವನ್ನೂ ತಂಡ ತಾನಾಗಿ ಸೇರಿಸಿಕೊಳ್ಳಬಹುದು. ಅದೂ ಮುಗಿದ ಮೇಲೆ ಫ್ರಾಂಚೈಸ್ ಟ್ಯಾಗ್ ಇದೆ: ಆ ಸ್ಥಾನದ ಅತಿ ಹೆಚ್ಚು ಸಂಬಳದ ಐವರ ಸರಾಸರಿಯ ಲೆಕ್ಕದಲ್ಲಿ ಒಂದು ವರ್ಷದ ಹಣ ಕೊಟ್ಟು ಆಟಗಾರನನ್ನು ಬೇರೆಡೆ ಹೋಗದಂತೆ ಕಟ್ಟಿಹಾಕುವ ಹಕ್ಕು. ಹೀಗೆ 26, 27 ಆಗಿಬಿಡುತ್ತದೆ, ರನ್ನಿಂಗ್ ಬ್ಯಾಕ್‌ಗಳ ಕಾಲು ಇಳಿಮುಖವಾಗುವುದೂ ಬಹುಮಟ್ಟಿಗೆ ಅದೇ ವಯಸ್ಸಿಗೆ. ಕ್ವಾರ್ಟರ್‌ಬ್ಯಾಕ್‌ಗೆ ಮೂವತ್ತು ದಾಟಿದರೂ ಸುಗ್ಗಿ ಮುಂದಿರುತ್ತದೆ. ಓಟಗಾರನ ಸುಗ್ಗಿ ಒಪ್ಪಂದಕ್ಕೆ ಮಾತುಕತೆ ಆರಂಭವಾಗುವ ಹೊತ್ತಿಗೆ ಮುಗಿದಿರುತ್ತದೆ. 2017ರಲ್ಲಿ ಕ್ಯಾಪ್ 16.7 ಕೋಟಿ ಡಾಲರ್ ಇದ್ದಾಗ ರನ್ನಿಂಗ್ ಬ್ಯಾಕ್‌ನ ಟ್ಯಾಗ್ 1 ಕೋಟಿ 21 ಲಕ್ಷ ಇತ್ತು. 2023ಕ್ಕೆ ಕ್ಯಾಪ್ 22.48 ಕೋಟಿಗೆ ಏರಿತು, ಟ್ಯಾಗ್ 1 ಕೋಟಿ 91 ಸಾವಿರಕ್ಕೆ ಇಳಿಯಿತು. ಅದೇ ವರ್ಷ ಕ್ವಾರ್ಟರ್‌ಬ್ಯಾಕ್‌ನ ಟ್ಯಾಗ್ 3 ಕೋಟಿ 24 ಲಕ್ಷ. ಆ ಜುಲೈಯಲ್ಲಿ ಆಸ್ಟಿನ್ ಎಕ್ಲರ್ ಮುಂದಾಳತ್ವದಲ್ಲಿ ಲೀಗ್‌ನ ಹೆಸರಾಂತ ಓಟಗಾರರು ಜೂಮ್‌ನಲ್ಲಿ ಸೇರಿ ತಮ್ಮ ಪಾಡನ್ನು ಚರ್ಚಿಸಿದರು. ಅವರ ದೂರು ನ್ಯಾಯವಾದದ್ದೆಂದೇ ನನ್ನ ಭಾವನೆ: ಅತಿ ಹೆಚ್ಚು ಪೆಟ್ಟು ತಿನ್ನುವ ಸ್ಥಾನಕ್ಕೆ, ಪೆಟ್ಟು ತಿನ್ನುವ ವರ್ಷಗಳಲ್ಲೇ ಕಡಿಮೆ ಕೂಲಿ ಸಿಗುವಂತೆ ನಿಯಮವಿದೆ. ಆದರೆ ಅದು ಆಟಗಾರರ ಸಂಘ ಮತ್ತು ತಂಡಗಳ ಮಾಲೀಕರು ಕೂತು ಸರಿಪಡಿಸಬೇಕಾದ ನಿಯಮದ ದೋಷ. ಒಂದು ತಂಡ ತಾನೊಬ್ಬನೇ ಹೆಚ್ಚು ಕೊಟ್ಟು ಅದನ್ನು ಸರಿಪಡಿಸಲಾರದು.

ಈ ಲೆಕ್ಕಾಚಾರದ ತಿರುಳು ಡ್ರಾಫ್ಟ್‌ನಲ್ಲಿದೆ, ಮತ್ತು ಅದನ್ನು 2018ಕ್ಕಿಂತ ಚೆನ್ನಾಗಿ ತೋರಿಸುವ ವರ್ಷವಿಲ್ಲ. ಸಂಘ ಮತ್ತು ಮಾಲೀಕರ ನಡುವಿನ 2011ರ ಒಪ್ಪಂದದ ಬಳಿಕ ಹೊಸಬನ ಸಂಬಳ ಹೆಚ್ಚುಕಡಿಮೆ ಅವನ ಸರದಿಯ ಸಂಖ್ಯೆಯಿಂದಲೇ ನಿಗದಿಯಾಗುತ್ತದೆ, ಅವನು ಯಾವ ಸ್ಥಾನದಲ್ಲಿ ಆಡುತ್ತಾನೆ ಎಂಬುದರಿಂದ ಅಲ್ಲ. ಜೈಂಟ್ಸ್ ಎರಡನೆಯ ಸರದಿಯಲ್ಲಿ ಬಾರ್ಕ್ಲಿಯನ್ನು ಆರಿಸಿತು. ನಾಲ್ಕು ವರ್ಷಕ್ಕೆ ಸುಮಾರು 3.12 ಕೋಟಿ ಡಾಲರ್, ವರ್ಷಕ್ಕೆ 78 ಲಕ್ಷ. ಅಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿದ್ದರೂ ಹಣ ಅಷ್ಟೇ. ಆದರೆ ಆ ವರ್ಷ ಮಾರುಕಟ್ಟೆಯಲ್ಲಿ ಉತ್ತಮ ಕ್ವಾರ್ಟರ್‌ಬ್ಯಾಕ್‌ನ ಬೆಲೆ ವರ್ಷಕ್ಕೆ 3 ಕೋಟಿ ಮುಟ್ಟಿತ್ತು. ರನ್ನಿಂಗ್ ಬ್ಯಾಕ್‌ನ ಬೆಲೆ ಗರ್ಲಿಯ ದಾಖಲೆಯ ಒಪ್ಪಂದದಲ್ಲೂ 1.44 ಕೋಟಿ. ಅಂದರೆ ಎರಡನೆಯ ಸರದಿಯಲ್ಲಿ ಗೆಲ್ಲುವ ಕ್ವಾರ್ಟರ್‌ಬ್ಯಾಕ್ ಸಿಕ್ಕಿದ್ದರೆ ತಂಡಕ್ಕೆ ವರ್ಷಕ್ಕೆ 2.2 ಕೋಟಿಯಷ್ಟು ಉಳಿತಾಯ, ನಾಲ್ಕು ವರ್ಷಕ್ಕೆ ಸುಮಾರು 8.9 ಕೋಟಿ, ಆ ಹಣದಲ್ಲಿ ಲೈನನ್ನು ಪೂರ್ತಿ ಹೊಸದಾಗಿ ಕಟ್ಟಬಹುದು. ರನ್ನಿಂಗ್ ಬ್ಯಾಕ್ ಎಷ್ಟೇ ಶ್ರೇಷ್ಠನಾಗಿರಲಿ, ಅದೇ ನಾಲ್ಕು ವರ್ಷದ ಉಳಿತಾಯ 2.6 ಕೋಟಿ. ಬಾರ್ಕ್ಲಿ ಆ ವರ್ಷದ ಶ್ರೇಷ್ಠ ಹೊಸಬನೆಂಬ ಪ್ರಶಸ್ತಿ ಗೆದ್ದರೂ ಈ ಅಂಕಿ ಬದಲಾಗುವುದಿಲ್ಲ.

ಕ್ವಾರ್ಟರ್‌ಬ್ಯಾಕ್ ಆಯ್ಕೆ ಜೂಜು ಎಂಬ ಆಕ್ಷೇಪ ಸರಿಯಾದದ್ದೇ. ಆ ವರ್ಷ ಏಳನೆಯವನಾಗಿ ಬಂದ ಜಾಷ್ ಆಲನ್, 32ನೆಯವನಾಗಿ ಬಂದ ಲಮಾರ್ ಜಾಕ್ಸನ್ ಇಬ್ಬರೂ ಮುಂದೆ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು. ಹತ್ತನೆಯವನಾಗಿ ಬಂದ ಜಾಷ್ ರೋಸೆನ್‌ರನ್ನು ಅವರ ತಂಡ ಒಂದೇ ವರ್ಷಕ್ಕೆ ಮಾರಿತು. ಸರಿ, ಜೂಜು ಬೇಡವೆನ್ನೋಣ. ಆಗಲೂ ಜೈಂಟ್ಸ್ ಮುಂದೆ ಇನ್ನೊಂದು ದಾರಿ ಇತ್ತು, ಮತ್ತು ನನಗೆ ಈ ಕಥೆಯಲ್ಲಿ ಬಹಳ ಕಾಡುವುದು ಅದೇ. ತಂಡಕ್ಕೆ ಓಟಗಾರನೂ ಬೇಕಿತ್ತು, ಲೈನಿಗೆ ಗಾರ್ಡೂ ಬೇಕಿತ್ತು. ಅದು ಎರಡನೆಯ ಸರದಿಯಲ್ಲಿ ಓಟಗಾರನನ್ನೂ 34ನೆಯ ಸರದಿಯಲ್ಲಿ ವಿಲ್ ಹೆರ್ನಾಂಡೆಜ್ ಎಂಬ ಗಾರ್ಡನ್ನೂ ಆರಿಸಿತು. ಆರನೆಯವನಾಗಿ ಇಂಡಿಯಾನಾಪೊಲಿಸ್ ಸೇರಿದ ಕ್ವೆಂಟನ್ ನೆಲ್ಸನ್ ತಮ್ಮ ತಲೆಮಾರಿನ ಅತಿ ಶ್ರೇಷ್ಠ ಗಾರ್ಡ್‌ಗಳಲ್ಲೊಬ್ಬರಾದರು. 35ನೆಯವನಾಗಿ, ಜೈಂಟ್ಸ್ ಸರದಿ ಮುಗಿದ ಮರುಕ್ಷಣವೇ, ಕ್ಲೀವ್‌ಲ್ಯಾಂಡ್ ಆರಿಸಿದ ರನ್ನಿಂಗ್ ಬ್ಯಾಕ್ ನಿಕ್ ಚಬ್ ಮೊದಲ ವರ್ಷ ಓಟಕ್ಕೆ 5.2 ಗಜ ತಂದರು, ಬಾರ್ಕ್ಲಿಯ ಮೊದಲ ವರ್ಷದ ಸರಾಸರಿಗಿಂತ ತುಸು ಹೆಚ್ಚೇ. ಎರಡನೆಯ ಸರದಿಯಲ್ಲಿ ನೆಲ್ಸನ್‌ರನ್ನೂ 34ನೆಯದರಲ್ಲಿ ಚಬ್‌ರನ್ನೂ ಜೈಂಟ್ಸ್ ಆರಿಸಬಹುದಿತ್ತು. ಕೊಳ್ಳಬೇಕಾದ ಸಾಮಾನು ಎರಡೂ ಪಟ್ಟಿಯಲ್ಲಿ ಒಂದೇ. ಕೊಂಡ ಕ್ರಮ ತಿರುವುಮುರುವಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ತಂಡಕ್ಕೆ ಬಾರ್ಕ್ಲಿ ಇದ್ದ ಆರು ಋತುಗಳಲ್ಲಿ ಐದರಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಯಿತು. 2023ರಲ್ಲಂತೂ ಎದುರಾಳಿಗಳು ಅದರ ಕ್ವಾರ್ಟರ್‌ಬ್ಯಾಕ್‌ಗಳನ್ನು 85 ಬಾರಿ ನೆಲಕ್ಕೆ ಕೆಡವಿದರು.

ಹಾಗಾದರೆ ಈಗಲ್ಸ್ ಅದೇ ಓಟಗಾರನಿಗೆ 2024ರ ಮಾರ್ಚ್‌ನಲ್ಲಿ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟದ್ದು ತಪ್ಪಾಗಬೇಕಿತ್ತಲ್ಲ? ಆಗಲಿಲ್ಲ, ಯಾಕೆಂದರೆ ಅಲ್ಲಿ ಗೋಡೆ ಎದ್ದಾಗಿತ್ತು, ಉಳಿದದ್ದು ಕಳಶ ಮಾತ್ರ. ಬಲ ಟ್ಯಾಕಲ್ ಲೇನ್ ಜಾನ್ಸನ್ 2013ರ ನಾಲ್ಕನೆಯ ಆಯ್ಕೆ, ಲ್ಯಾಂಡನ್ ಡಿಕರ್ಸನ್ ಮತ್ತು ಕ್ಯಾಮ್ ಜರ್ಗೆನ್ಸ್ ಎರಡನೆಯ ಸುತ್ತಿನವರು, ಇವರನ್ನೆಲ್ಲ ತಿದ್ದಿದ ಜೆಫ್ ಸ್ಟೌಟ್‌ಲ್ಯಾಂಡ್ ಆಗ 2013ರಿಂದ ಅಲ್ಲೇ ಲೈನಿನ ತರಬೇತುದಾರರಾಗಿದ್ದರು. ಎಡ ಟ್ಯಾಕಲ್ ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಆಟಗಾರ. ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನೇ ಆಡಿರದ ಅವರನ್ನು ಈಗಲ್ಸ್ ಬಾರ್ಕ್ಲಿ ಆಯ್ಕೆಯಾದ ಅದೇ 2018ರ ಡ್ರಾಫ್ಟ್‌ನಲ್ಲಿ 233ನೆಯವನಾಗಿ ಆರಿಸಿ ವರ್ಷಗಟ್ಟಲೆ ತಯಾರು ಮಾಡಿತು. ಎರಡನೆಯವನು ಆರು ವರ್ಷ ಕಾದು 233ನೆಯವನ ಬೆನ್ನ ಹಿಂದೆ ಬಂದು ನಿಂತಾಗ ಇಬ್ಬರ ಬೆಲೆಯೂ ಏರಿತು. ಬಾರ್ಕ್ಲಿಯ ವರ್ಷದ ಸರಾಸರಿ ಸಂಬಳ 2024ರ ಕ್ಯಾಪ್‌ನ ಶೇ 5ಕ್ಕಿಂತ ಕಡಿಮೆ, ಅವರನ್ನು ತರಲು ಒಂದು ಡ್ರಾಫ್ಟ್ ಆಯ್ಕೆಯನ್ನೂ ತಂಡ ಕಳೆದುಕೊಳ್ಳಲಿಲ್ಲ ಎಂಬುದೂ ಗಮನಿಸಬೇಕಾದ್ದೇ.

ರನ್ನಿಂಗ್ ಬ್ಯಾಕ್‌ಗೆ ಎಂದೂ ಹಣ ಕೊಡಬೇಡಿ ಎನ್ನುವ ವಾದಕ್ಕೆ ನಾನು ಒಪ್ಪದಿರುವುದು ಇಲ್ಲೇ. ಲೈನ್ ದುರ್ಬಲವಿದ್ದಾಗ ಒಳ್ಳೆಯ ಓಟಗಾರನಿಗೂ ಸಾಧಾರಣನಿಗೂ ವ್ಯತ್ಯಾಸ ಕಾಣುವುದಿಲ್ಲ. ಲೈನ್ ಬಲವಾಗಿದ್ದಾಗ ನಾಲ್ಕು ಗಜವನ್ನು ನಲವತ್ತಾಗಿಸುವವನ ಬೆಲೆ ನಿಜಕ್ಕೂ ಹೆಚ್ಚುತ್ತದೆ. 2023ರಲ್ಲಿ ಡೆಟ್ರಾಯಿಟ್ ಲಯನ್ಸ್ ಹನ್ನೆರಡನೆಯವನಾಗಿ ಜಮೀರ್ ಗಿಬ್ಸ್‌ರನ್ನು ಆರಿಸಿದಾಗ ಬಹಳ ಮಂದಿ ನಕ್ಕರು. ಆದರೆ ಅದರ ಲೈನ್ ಆಗಲೇ ಲೀಗ್‌ನ ಉತ್ತಮ ಲೈನ್‌ಗಳಲ್ಲೊಂದಾಗಿತ್ತು. ಮರುವರ್ಷ ತಂಡ 17 ಪಂದ್ಯಗಳಲ್ಲಿ 15 ಗೆದ್ದಿತು, ಗಿಬ್ಸ್ 20 ಟಚ್‌ಡೌನ್ ಗಳಿಸಿದರು. ಇನ್ನು ಎಸೆತವನ್ನೂ ಹಿಡಿಯಬಲ್ಲ ಕ್ರಿಶ್ಚಿಯನ್ ಮೆಕಾಫ್ರಿಯಂಥವರು ಒಂದೇ ಸಂಬಳದಲ್ಲಿ ಎರಡು ಸ್ಥಾನದ ಕೆಲಸ ಮಾಡುತ್ತಾರೆ. ಆದರೂ ಅವರಿಗೆ 2020ರಲ್ಲಿ ವರ್ಷಕ್ಕೆ 1.6 ಕೋಟಿಯ ಒಪ್ಪಂದ ಕೊಟ್ಟ ಕ್ಯಾರೊಲೈನಾ ತಂಡ ಮುಂದಿನ ಎರಡು ಋತುಗಳಲ್ಲಿ ಅವರನ್ನು ಕಣದಲ್ಲಿ ಕಂಡದ್ದು ಹತ್ತೇ ಪಂದ್ಯಗಳಲ್ಲಿ. ಫಲ ಉಂಡದ್ದು 2022ರಲ್ಲಿ ಅವರನ್ನು ಕೊಂಡ ಸ್ಯಾನ್ ಫ್ರಾನ್ಸಿಸ್ಕೊ.

ಹಾಗಾಗಿ ಒಪ್ಪಂದವನ್ನು ಹೇಗೆ ಬರೆಯುತ್ತಾರೆ ಎನ್ನುವುದು ಎಷ್ಟು ಕೊಡುತ್ತಾರೆ ಎನ್ನುವಷ್ಟೇ ಮುಖ್ಯ. ಪತ್ರಿಕೆಯ ತಲೆಬರಹದಲ್ಲಿ ಬರುವ ಮೊತ್ತವಲ್ಲ, ಖಾತರಿ ಹಣ ಯಾವ ವಯಸ್ಸಿನವರೆಗೆ ಚಾಚಿದೆ ಎಂಬುದನ್ನು ನೋಡಬೇಕು. ಸಹಿ ಹಾಕುವಾಗ ಕೊಟ್ಟ ಬೋನಸ್ಸನ್ನು ಲೆಕ್ಕದಲ್ಲಿ ಮುಂದಿನ ವರ್ಷಗಳಿಗೆ ಹಂಚಿಬಿಡುವುದರಿಂದ, ಆಟಗಾರನನ್ನು ನಡುವೆ ಬಿಟ್ಟರೆ ಉಳಿದ ಭಾಗ ಡೆಡ್ ಮನಿಯಾಗಿ, ಆಡದವನ ಹೆಸರಿನಲ್ಲಿ, ಕ್ಯಾಪ್ ಮೇಲೆ ಕೂರುತ್ತದೆ. ಡಲ್ಲಾಸ್ ತಂಡ 2019ರಲ್ಲಿ ಎಝೆಕಿಯಲ್ ಎಲಿಯಟ್‌ಗೆ ಆರು ವರ್ಷದ 9 ಕೋಟಿ ಡಾಲರ್ ಒಪ್ಪಂದ ಕೊಟ್ಟು 2023ರಲ್ಲಿ ಬಿಡಬೇಕಾಯಿತು. ಹಣ ಕೊಟ್ಟದ್ದು ಆಗಿಹೋದ ಓಟಕ್ಕೆ. ಒಂದೇ ಋತುವಿನಲ್ಲಿ ಎರಡು ಸಾವಿರ ಗಜ ದಾಟಿದವರ ಮರುವರ್ಷವನ್ನು ನೋಡಿದರೆ ಇದು ಇನ್ನೂ ಸ್ಪಷ್ಟ: ಜಮಾಲ್ ಲೂಯಿಸ್ 2,066ರಿಂದ 1,006ಕ್ಕೆ, ಕ್ರಿಸ್ ಜಾನ್ಸನ್ 2,006ರಿಂದ 1,364ಕ್ಕೆ, ಏಡ್ರಿಯನ್ ಪೀಟರ್ಸನ್ 2,097ರಿಂದ 1,266ಕ್ಕೆ ಇಳಿದರು, ಡೆರಿಕ್ ಹೆನ್ರಿ ಪಾದ ಮುರಿದುಕೊಂಡು ಎಂಟೇ ಪಂದ್ಯ ಆಡಿದರು. ಹೆನ್ರಿ 30ರ ವಯಸ್ಸಿನಲ್ಲಿ ಬಾಲ್ಟಿಮೋರ್ ಸೇರಿ 1,921 ಗಜ ಓಡಿದ್ದೂ ನಿಜ. ಅಲ್ಲಿನ ಒಪ್ಪಂದ ಎರಡೇ ವರ್ಷದ್ದು, 1.6 ಕೋಟಿಯದು.

2025ರ ಮಾರ್ಚ್‌ನಲ್ಲಿ ಈಗಲ್ಸ್ ಬಾರ್ಕ್ಲಿಯ ಒಪ್ಪಂದವನ್ನು ಎರಡು ವರ್ಷ ವಿಸ್ತರಿಸಿ ವರ್ಷಕ್ಕೆ 2.06 ಕೋಟಿ ಡಾಲರ್ ಕೊಡಲೊಪ್ಪಿತು, ರನ್ನಿಂಗ್ ಬ್ಯಾಕ್ ಒಬ್ಬರಿಗೆ ಅಷ್ಟು ಅದೇ ಮೊದಲು. ಹಿಂದಿನ ಋತುವಿನಲ್ಲಿ ಪ್ಲೇಆಫ್ ಸೇರಿ 436 ಬಾರಿ ಚೆಂಡು ಹೊತ್ತು ಓಡಿದ್ದ 28ರ ಮೈಗೆ ಕೊಟ್ಟ ಈ ಹಣ, ಮೊದಲಿನ ಒಪ್ಪಂದದಷ್ಟು ಜಾಣತನದ್ದಲ್ಲ ಎಂದೇ ನನ್ನ ಅಭಿಪ್ರಾಯ. ಆ ತಂಡದ ನಿಜವಾದ ಜಾಣತನ ಕಂಡದ್ದು ಅದಕ್ಕೆ ಎರಡು ತಿಂಗಳ ಮೊದಲು. ಋತುವಿನ ಕೊನೆಯ ಪಂದ್ಯಕ್ಕೆ ಮುಂಚೆ ಬಾರ್ಕ್ಲಿ 2,005 ಗಜದಲ್ಲಿದ್ದರು. 1984ರಿಂದ ಎರಿಕ್ ಡಿಕರ್ಸನ್ ಹೆಸರಿನಲ್ಲಿದ್ದ 2,105 ಗಜಗಳ ದಾಖಲೆ ಮುರಿಯಲು ಬೇಕಿದ್ದದ್ದು 101 ಗಜ. ಪಂದ್ಯ ಸ್ವಂತ ಅಂಗಳದಲ್ಲಿ, ಎದುರಾಳಿ ಜೈಂಟ್ಸ್. ಪ್ಲೇಆಫ್ ಸ್ಥಾನ ಆಗಲೇ ಗಟ್ಟಿಯಾಗಿದ್ದರಿಂದ ತಂಡ ಅವರನ್ನು ಆಡಿಸಲಿಲ್ಲ. ಮುಂದಿನ ನಾಲ್ಕು ಪಂದ್ಯಗಳಲ್ಲಿ ಅವರು 499 ಗಜ ಓಡಿದರು.